ಮತವಿಲ್ಲದವರ ವಕೀಲನು ಮತ ಕೇಳಲು ಹೊರಟಾಗ

‘ಒಳ್ಳೆಯ ಮನುಷ್ಯ, ಸಮಾಜಸೇವೆ ಮಾಡಿಕೊಂಡು ಹಾಯಾಗಿದ್ದ, ಚುನಾವಣೆಗೆ ನಿಂತು ಕೆಟ್ಟ.’ ಈ ಮಾತನ್ನು ಕೇಳದ ಕನ್ನಡಿಗರು ವಿರಳ. ನಿವೃತ್ತರ ಬೆಳಗಿನ ವಾಯುವಿಹಾರದಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಬಸ್ಸಿನ ಪ್ರಯಾಣದಲ್ಲಿ ಇದು ಸುಭಾಷಿತದಂತೆ ಸಲೀಸಾಗಿ ಉದುರುತ್ತದೆ, ಕೇಳಿದವರು ತಲೆದೂಗುತ್ತಾರೆ. ಊರು ಬಿಟ್ಟು ಪರಸ್ಥಳದಲ್ಲಿ ದುಡಿಯುವ ಜನರ ಪರವಾಗಿ ದನಿಯೆತ್ತಿದವನೊಬ್ಬನು ಮತಯಾಚನೆಗೆ ಹೊರಟಾಗಲಂತೂ ಈ ಮಾತಿಗೆ ಇನ್ನಷ್ಟು ಹರಿತ ಬರುತ್ತದೆ. ನನಗೆ ಇದು ಸುಳ್ಳೆಂದಷ್ಟೇ ಅಲ್ಲ, ಅಪಾಯಕಾರಿಯೆಂದೂ ತೋರುತ್ತದೆ. ಸೇವೆ ಮಾಡುವವನು ಅರ್ಜಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕು, ಒಳಗಿನ ಕುರ್ಚಿಯ ಮೇಲೆ ಕೂರಬಾರದು ಎಂಬುದೇ ಅದರ ತಿರುಳು. ಅರ್ಜಿದಾರನು ಎಂದೆಂದಿಗೂ ಅರ್ಜಿದಾರನಾಗಿಯೇ ಉಳಿಯುವುದರಿಂದ ಯಾರಿಗೆ ಅನುಕೂಲವೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ವಾದಕ್ಕೆ ಆಧಾರವಾಗಿ ಇಟಲಿಯ ಒಂದು ಪ್ರಸಂಗವನ್ನು ಎತ್ತಿಕೊಳ್ಳುತ್ತೇನೆ. ಅಷ್ಟು ದೂರ ಏಕೆ ಹೋಗಬೇಕು ಎಂದರೆ, ಹತ್ತಿರದ ಹೆಸರು ಹೇಳಿದೊಡನೆ ನಮ್ಮಲ್ಲಿ ಜಾತಿಯ ಲೆಕ್ಕ, ಪಕ್ಷದ ಲೆಕ್ಕ ಆರಂಭವಾಗಿ ವಿಷಯವೇ ಮರೆಯಾಗುತ್ತದೆ. ಅಲ್ಲದೆ ಈ ಪ್ರಸಂಗದಲ್ಲಿ ನನ್ನ ವಾದಕ್ಕೆ ಮುಜುಗರ ತರುವ ಅಧ್ಯಾಯವೂ ಉಂಟು. ಅದನ್ನು ಮರೆಮಾಚಿ ವಾದಿಸುವುದು ನ್ಯಾಯವಲ್ಲ.

ಅಬೂಬಕರ್ ಸುಮಹೊರೊ ಆಫ್ರಿಕದ ಐವರಿ ಕೋಸ್ಟಿನಲ್ಲಿ 1980ರಲ್ಲಿ ಹುಟ್ಟಿದವನು. ಹತ್ತೊಂಬತ್ತರ ಹರೆಯದಲ್ಲಿ, 1999ರಲ್ಲಿ, ಇಟಲಿಗೆ ಬಂದ. ಬೀದಿಯಲ್ಲಿ ಮಲಗಿದ, ಕೂಲಿ ಮಾಡಿದ, ಪೆಟ್ರೋಲ್ ಬಂಕಿನಲ್ಲಿ ದುಡಿದ. ದುಡಿಯುತ್ತಲೇ ನೇಪಲ್ಸ್ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪದವಿ ಪಡೆದ. ಅನಂತರ ಕೃಷಿ ಕೂಲಿಗಳ ಸಂಘಟನೆಗೆ ಇಳಿದ. ಆ ಕೂಲಿಗಳ ಬದುಕನ್ನು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ದಕ್ಷಿಣ ಇಟಲಿಯ ಪುಲಿಯಾ ಪ್ರಾಂತದ ಫೋಜ್ಜಾ ಬಯಲಿನಲ್ಲಿ ಟೊಮೆಟೊ ಬೆಳೆ. ಕಲಾಬ್ರಿಯಾದ ರೊಸಾರ್ನೊ ಸುತ್ತ ಕಿತ್ತಳೆ ತೋಟ. ಕೊಯ್ಲಿನ ಕಾಲಕ್ಕೆ ಆಫ್ರಿಕದ, ಪೂರ್ವ ಯೂರೋಪಿನ, ನಮ್ಮ ಪಂಜಾಬಿನ ಜನರೂ ಅಲ್ಲಿ ಕೂಲಿಗೆ ನಿಲ್ಲುತ್ತಾರೆ. ಅವರನ್ನು ಹೊಲಕ್ಕೆ ಒಯ್ಯುವ ಮಧ್ಯವರ್ತಿಗೆ ಅಲ್ಲಿ ‘ಕಪೊರಾಲೆ’ ಎಂಬ ಹೆಸರು. ನಮ್ಮ ಕಬ್ಬಿನ ಟೋಳಿಯ ಮುಕಾದಮನನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ವ್ಯಾನಿನ ಬಾಡಿಗೆಯೆಂದು ಒಂದಷ್ಟು, ಕುಡಿಯುವ ನೀರಿಗೆಂದು ಮತ್ತೊಂದಷ್ಟು ಕೂಲಿಯಲ್ಲಿಯೇ ಮುರಿದುಕೊಳ್ಳುವ ವ್ಯಕ್ತಿ ಆತ. ಫೋಜ್ಜಾದ ಹತ್ತಿರ ಬೋರ್ಗೊ ಮೆಜ್ಜನೋನೆ ಎಂಬಲ್ಲಿ ಹಳೆಯ ವಿಮಾನ ನಿಲ್ದಾಣದ ಓಡುಪಥದ ಮೇಲೆಯೇ ತಗಡಿನ ಗುಡಿಸಲುಗಳ ಊರೊಂದು ಎದ್ದಿದೆ.

2018ರ ಜೂನ್ 2ರಂದು ಸುಮೈಲಾ ಸಾಕೊ ಎಂಬ ಮಾಲಿ ದೇಶದ ಇಪ್ಪತ್ತೊಂಬತ್ತು ವರ್ಷದ ಕೂಲಿಯೊಬ್ಬನು ಕಲಾಬ್ರಿಯಾದ ಪಾಳುಬಿದ್ದ ಇಟ್ಟಿಗೆ ಕಾರ್ಖಾನೆಯೊಂದರಲ್ಲಿ ಗುಡಿಸಲಿಗೆಂದು ತಗಡು ಆಯುತ್ತಿದ್ದಾಗ ಗುಂಡೇಟಿಗೆ ಬಲಿಯಾದ. ಅವನಲ್ಲಿ ವಾಸದ ಪರವಾನಗಿಯಿತ್ತು. ಕೂಲಿ ಸಂಘಟನೆಯ ಕಾರ್ಯಕರ್ತನೂ ಆಗಿದ್ದ. ಅದೇ ದಿನಗಳಲ್ಲಿ ಹೊಸದಾಗಿ ಗೃಹಮಂತ್ರಿಯಾಗಿದ್ದ ಮತ್ತೆಯೊ ಸಾಲ್ವಿನಿ, ವಲಸಿಗರಿಗೆ ಇನ್ನು ಪುಕ್ಕಟೆ ಮೋಜು ಮುಗಿಯಿತೆಂದು ಸಾರುತ್ತಿದ್ದರು. ತಗಡಿಗಾಗಿ ಸತ್ತವನ ಮೋಜು ಯಾವುದಿತ್ತು ಎಂದು ಟೆಲಿವಿಷನ್ನಿನಲ್ಲಿ ಎದುರಾಡಿದವರಲ್ಲಿ ಸುಮಹೊರೊ ಮುಂಚೂಣಿಯಲ್ಲಿದ್ದ. ಅಲ್ಲಿಯ ಪ್ರಸಿದ್ಧ ವಾರಪತ್ರಿಕೆ ‘ಲೆಸ್ಪ್ರೆಸ್ಸೊ’ ಒಂದೇ ಮುಖಪುಟದಲ್ಲಿ ಸಾಲ್ವಿನಿಯ ಮುಖವನ್ನೂ ಇವನ ಮುಖವನ್ನೂ ಅಕ್ಕಪಕ್ಕ ಅಚ್ಚುಹಾಕಿತು. ಕೂಲಿಗಳ ಕಾರ್ಯಕರ್ತನು ದೇಶದ ಅಂತಸ್ಸಾಕ್ಷಿಯ ಚಿತ್ರವಾದದ್ದು ಹೀಗೆ. ಇಲ್ಲಿ ‘ಚಿತ್ರ’ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ.

2022ರ ಸೆಪ್ಟೆಂಬರಿನ ಚುನಾವಣೆಯಲ್ಲಿ ಹಸಿರು-ಎಡ ಮೈತ್ರಿಕೂಟ ಅವನಿಗೆ ಟಿಕೆಟ್ ಕೊಟ್ಟಿತು. ಮೊದೆನಾ ಎಂಬ ಉತ್ತರದ ಶ್ರೀಮಂತ ನಗರದ ನೇರ ಸ್ಪರ್ಧೆಯಲ್ಲಿ ಸೋತ. ಪಕ್ಷಗಳ ಮತಪ್ರಮಾಣದ ಮೇಲೆ ಹಂಚುವ ಪಟ್ಟಿಯ ಮೂಲಕ ಸಂಸತ್ತನ್ನು ಸೇರಿದ. ಅಕ್ಟೋಬರ್ 13ರಂದು, ಸದನದ ಮೊದಲ ದಿನ, ಸೂಟಿನ ಕೆಳಗೆ ಹೊಲದ ರಬ್ಬರ್ ಬೂಟು ಧರಿಸಿ, ಮುಷ್ಟಿಯೆತ್ತಿ ಒಳಗೆ ನಡೆದ. ಮರುದಿನ ಪತ್ರಿಕೆಗಳಿಗೆಲ್ಲ ಆ ಬೂಟೇ ಸುದ್ದಿ.

ಇನ್ನು ಹನ್ನೆರಡು ದಿನಕ್ಕೆ ನಡೆದ ಸಣ್ಣ ಘಟನೆಯೊಂದು ಭಾಷೆ ಕಲಿಸಿ ಬದುಕಿದ ನನ್ನಂಥವನಿಗೆ ಬೂಟಿಗಿಂತ ದೊಡ್ಡದಾಗಿ ಕಾಣುತ್ತದೆ. ಇಟಲಿಯ ಭಾಷೆಯಲ್ಲಿಯೂ ನಮ್ಮಂತೆಯೇ ‘ನೀನು’ ‘ನೀವು’ಗಳ ಭೇದವಿದೆ. ಸದನದಲ್ಲಿ ಮರ್ಯಾದೆಯ ಸಂಬೋಧನೆ ಕಡ್ಡಾಯವೆಂಬಷ್ಟು ರೂಢಿ. ಹೊಸ ಪ್ರಧಾನಿ ಜಾರ್ಜಾ ಮೆಲೋನಿ ಅಕ್ಟೋಬರ್ 25ರಂದು ಚರ್ಚೆಗೆ ಉತ್ತರ ಕೊಡುತ್ತ ಈ ಒಬ್ಬ ಸದಸ್ಯನನ್ನು ‘ನೀನು’ ಎಂದು ಸಂಬೋಧಿಸಿದರು. ಗದ್ದಲವೆದ್ದಿತು. ಆಕೆ ಅಲ್ಲಿಯೇ ಕ್ಷಮೆ ಕೇಳಿದರು ಎಂಬುದನ್ನೂ ಹೇಳಬೇಕು, ಬಾಯ್ತಪ್ಪು ಎಂದರು. ಬಾಯ್ತಪ್ಪೇ ಇರಬಹುದು. ಆದರೆ ಬಾಯಿ ತಪ್ಪುವುದಕ್ಕೂ ಒಂದು ವ್ಯಾಕರಣವಿದೆ, ಓದುಗ ಮಿತ್ರರೇ! ನಮ್ಮ ಹಳ್ಳಿಗಳಲ್ಲಿ ಅರುವತ್ತು ವರ್ಷದ ಕೂಲಿಯಾಳನ್ನು ಗೌಡರ ಮನೆಯ ಆರು ವರ್ಷದ ಹುಡುಗ ‘ಏ, ಬಾರೋ’ ಎನ್ನುವುದನ್ನು ನಾನು ಕಂಡಿದ್ದೇನೆ. ಆ ಹುಡುಗನಿಗೆ ಯಾರೂ ಅದನ್ನು ಪಾಠವಾಗಿ ಹೇಳಿಕೊಟ್ಟಿರಲಿಲ್ಲ. ಮನೆಯ ಗಾಳಿಯಲ್ಲಿಯೇ ಕಲಿತಿದ್ದ. ಶಾಲೆಯ ಏಕವಚನ-ಬಹುವಚನ ಪಾಠದಲ್ಲಿ ಅಂಕ ತೆಗೆದವನ ನಾಲಗೆ ಜಗುಲಿಗೆ ಬಂದೊಡನೆ ಬೇರೆ ವ್ಯಾಕರಣ ಹಿಡಿಯುತ್ತದೆ. ಬಾಗಿಲಲ್ಲಿ ನಿಂತ ಅರ್ಜಿದಾರನಿಗೆ ‘ನೀನು’ ಎಂದರೆ ಕೇಳುವವರಿಲ್ಲ. ಸದಸ್ಯನಾಗಿ ಒಳಗೆ ಕುಳಿತಿದ್ದರಿಂದಲೇ ಅಂದು ಒಬ್ಬ ಪ್ರಧಾನಿ ತನ್ನ ಮಾತನ್ನು ತಿದ್ದಿಕೊಳ್ಳಬೇಕಾಯಿತು. ಚುನಾವಣೆಗೆ ಏಕೆ ನಿಲ್ಲಬೇಕು ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಇದೇ.

ಇನ್ನು ಮುಜುಗರದ ಅಧ್ಯಾಯ. ಆಯ್ಕೆಯಾಗಿ ಎರಡು ತಿಂಗಳು ತುಂಬುವ ಮೊದಲೇ, ನವೆಂಬರಿನಲ್ಲಿ, ಅವನ ಅತ್ತೆ ರೋಮಿನ ದಕ್ಷಿಣದ ಲಾತಿನಾ ಪ್ರಾಂತದಲ್ಲಿ ನಡೆಸುತ್ತಿದ್ದ ಸಹಕಾರಿ ಸಂಸ್ಥೆಗಳ ಮೇಲೆ ತನಿಖೆ ನಡೆಯುತ್ತಿರುವುದು ಬಯಲಾಯಿತು. ಸರ್ಕಾರದ ಹಣದಲ್ಲಿ ವಲಸಿಗರಿಗೆ ಆಶ್ರಯ ಕೊಡುವ ಸಂಸ್ಥೆಗಳವು. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಕೊಟ್ಟಿಲ್ಲ, ಆಶ್ರಿತರ ಸ್ಥಿತಿ ಶೋಚನೀಯ ಎಂಬುದು ದೂರು. ತನಿಖೆಗೆ ಗುರಿಯಾದವರಲ್ಲಿ ಸುಮಹೊರೊ ಇರಲಿಲ್ಲ. ಆದರೆ ಅವನು ಕಣ್ಣೀರು ಸುರಿಸುವ ವೀಡಿಯೊ ಒಂದನ್ನು ಹೊರಬಿಟ್ಟ. ಪತ್ನಿಯ ದುಬಾರಿ ಉಡುಪಿನ ಬಗ್ಗೆ ಟೆಲಿವಿಷನ್ನಿನಲ್ಲಿ ಕೇಳಿದಾಗ ಸೊಗಸಾಗಿ ಉಡುವುದೂ ಒಂದು ಹಕ್ಕೆಂದು ಉತ್ತರಿಸಿದ. ನವೆಂಬರ್ ಮುಗಿಯುವಷ್ಟರಲ್ಲಿ ಪಕ್ಷದ ಗುಂಪಿನಿಂದ ತಾನೇ ದೂರ ಸರಿದ. 2023ರ ಅಕ್ಟೋಬರಿನಲ್ಲಿ ಅತ್ತೆಗೂ ಪತ್ನಿಗೂ ಗೃಹಬಂಧನವಾಯಿತು. ಆರೋಪ ಬೇರೆ, ತೀರ್ಪು ಬೇರೆ. ಆ ಭೇದವನ್ನು ನಾನು ಬಿಡಲಾರೆ. ಆದರೂ ಹೇಳುತ್ತೇನೆ: ಕೂಲಿ ಸಿಗದವರ ಪರವಾಗಿ ಬದುಕಿಡೀ ಮಾತಾಡಿದವನ ಮನೆಯಂಗಳದಲ್ಲಿ ಕೂಲಿ ಸಿಗದವರು ನಿಂತಾಗ ಕಣ್ಣೀರು ಉತ್ತರವಲ್ಲ. ಸಂಬಳವಿಲ್ಲದ ನೌಕರನ ಮುಂದೆ ಸೊಗಸಿನ ಹಕ್ಕಿನ ಮಾತು ಅವಿವೇಕ. ಅದನ್ನು ಸಮರ್ಥಿಸುವ ಹೊಣೆ ನನ್ನದಲ್ಲ.

ನನ್ನ ಆಕ್ಷೇಪ ಬೇರೆ. ಸೆಪ್ಟೆಂಬರಿನಲ್ಲಿ ಅವನನ್ನು ಹೆಗಲ ಮೇಲೆ ಹೊತ್ತವರು ಡಿಸೆಂಬರಿಗೆ ಅವನ ಹೆಸರು ಎತ್ತದಾದರು. ಅವನೊಡನೆ ಟೊಮೆಟೊ ಬಯಲನ್ನೂ ತಗಡಿನ ಊರನ್ನೂ ಎತ್ತದಾದರು. ಒಬ್ಬ ಶಾಸಕನ ಅತ್ತೆಯ ಮೇಲೆ ಆರೋಪ ಬಂದರೆ ಲಕ್ಷಾಂತರ ಕೂಲಿಗಳ ದಾವೆ ಏಕೆ ಬಿದ್ದುಹೋಗಬೇಕು? ಬೇರೆ ಯಾವ ವರ್ಗದ ಪ್ರತಿನಿಧಿಗೂ ಈ ನಿಯಮವಿಲ್ಲ. ಸಕ್ಕರೆ ಕಾರ್ಖಾನೆಯ ಮಾಲೀಕರ ಪರ ಮಾತಾಡುವ ಶಾಸಕನ ಮೇಲೆ ಮೊಕದ್ದಮೆ ಬಿದ್ದರೆ ಕಾರ್ಖಾನೆಗಳ ಅಹವಾಲು ಅನಾಥವಾಗುವುದಿಲ್ಲ. ಮರುದಿನವೇ ಇನ್ನೊಬ್ಬ ಅದನ್ನು ಎತ್ತಿಕೊಳ್ಳುತ್ತಾನೆ. ಏಕೆಂದರೆ ಆ ಅಹವಾಲಿನ ಹಿಂದೆ ಹಣವಿದೆ, ಮತವಿದೆ. ಟೊಮೆಟೊ ಕೀಳುವವನ ಹಿಂದೆ ಏನಿತ್ತು? ಮೊದೆನಾದಲ್ಲಿ ಅವನಿಗೆ ಮತವಿರಲಿಲ್ಲ, ಫೋಜ್ಜಾದಲ್ಲಿಯೂ ಇರಲಿಲ್ಲ. ಸುಮಹೊರೊನನ್ನು ಆರಿಸಿದವರು ಕೂಲಿಗಳಲ್ಲ, ಕೂಲಿಗಳ ಬಗ್ಗೆ ಕನಿಕರವುಳ್ಳ ಓದುಬಲ್ಲ ನಾಗರಿಕರು. ಕನಿಕರ ದೊಡ್ಡ ಗುಣ. ಆದರೆ ಅದರ ಆಯುಸ್ಸು ಕಡಿಮೆ. ಬೂಟಿನ ಚಿತ್ರವನ್ನು ಮೆಚ್ಚಿ ಮತ ಕೊಟ್ಟವರಿಗೆ ಚಿತ್ರದ ಮೇಲೆ ಕಲೆ ಬಿದ್ದಾಗ ಅದನ್ನು ಗೋಡೆಯಿಂದ ಇಳಿಸದೆ ಬೇರೆ ದಾರಿ ತೋಚಲಿಲ್ಲ.

ಇದಕ್ಕೆ ಪ್ರತಿಯಾದ ದೃಷ್ಟಾಂತ ಅದೇ ಬಯಲಿನಲ್ಲಿಯೇ ಇದೆ. ಜುಸೆಪ್ಪೆ ದಿ ವಿತ್ತೋರಿಯೊ 1892ರಲ್ಲಿ ಫೋಜ್ಜಾ ಪ್ರಾಂತದ ಚೆರಿನ್ಯೋಲಾದಲ್ಲಿ ಕೂಲಿಯವರ ಮನೆಯಲ್ಲಿ ಹುಟ್ಟಿದವನು. ತಂದೆ ತೀರಿಕೊಂಡು ಬಾಲ್ಯದಲ್ಲಿಯೇ ಹೊಲಕ್ಕೆ ಇಳಿದ, ಅಕ್ಷರವನ್ನು ತಾನೇ ಕಷ್ಟಪಟ್ಟು ಕಲಿತ, ಕೂಲಿಗಳನ್ನು ಸಂಘಟಿಸಿದ. 1921ರ ಚುನಾವಣೆಯ ಕಾಲಕ್ಕೆ ಅವನು ಸೆರೆಮನೆಯಲ್ಲಿದ್ದ. ಕಲೆಯೆಂದರೆ ಅದಕ್ಕಿಂತ ದೊಡ್ಡ ಕಲೆ ಯಾವುದು? ಆದರೂ ಗೆದ್ದ. ಅನಂತರ ದೇಶದ ಅತಿ ದೊಡ್ಡ ಕಾರ್ಮಿಕ ಒಕ್ಕೂಟದ ನಾಯಕನಾದ. ವ್ಯತ್ಯಾಸವಿರುವುದು ಇಬ್ಬರ ಚಾರಿತ್ರ್ಯದಲ್ಲಲ್ಲ, ಮತದಾರರ ಪಟ್ಟಿಯಲ್ಲಿ. 1912ರ ಕಾನೂನು ಮೂವತ್ತು ದಾಟಿದ ಗಂಡಸರಿಗೆ ಓದುಬರಹ ಬಾರದಿದ್ದರೂ ಮತ ಕೊಟ್ಟಿತ್ತು. ಮಹಾಯುದ್ಧ ಮುಗಿದ ಮೇಲೆ ಅದು ಇನ್ನಷ್ಟು ವಿಸ್ತಾರವಾಯಿತು. ಹೆಂಗಸರಿಗೆ ಮಾತ್ರ ಇನ್ನೂ ಕಾಲು ಶತಮಾನ ಕಾಯಬೇಕಾಯಿತು, ಅದಿರಲಿ. ಗುದ್ದಲಿ ಹಿಡಿದ ಕೈಯೇ ಅಂದು ಮತವನ್ನೂ ಹಾಕಿತು. ಆ ಕೈಗೆ ತನ್ನವನು ಸೆರೆಮನೆಗೆ ಏಕೆ ಹೋದನೆಂಬುದು ಪತ್ರಿಕೆ ಓದದೆಯೂ ಗೊತ್ತಿತ್ತು.

ಇಂದು ಅದೇ ಹೊಲದಲ್ಲಿ ಬಾಗಿ ನಿಂತವನು ಇಟಲಿಯ ಪ್ರಜೆಯಾಗಲು, 1992ರ ಕಾನೂನಿನಂತೆ, ಯೂರೋಪ್ ಒಕ್ಕೂಟದ ಹೊರಗಿನವನಾದರೆ, ಹತ್ತು ವರ್ಷದ ಅಖಂಡ ನಿವಾಸ ಬೇಕು. ಅದಕ್ಕೆ ದಾಖಲೆ ಬೇಕು. ತಗಡಿನ ಗುಡಿಸಲಿಗೆ ಯಾವ ನಗರಸಭೆ ದಾಖಲೆ ಕೊಡುತ್ತದೆ? ಹತ್ತನ್ನು ಐದಕ್ಕೆ ಇಳಿಸಬೇಕೆಂದು 2025ರ ಜೂನಿನಲ್ಲಿ ಜನಮತ ನಡೆಯಿತು. ಅರ್ಧದಷ್ಟು ಮತದಾರರಾದರೂ ಬಂದಿದ್ದರೆ ಅದು ಸಿಂಧುವಾಗುತ್ತಿತ್ತು. ಬಂದವರು ಶೇಕಡಾ 30ರ ಆಸುಪಾಸು. ಇನ್ನೊಂದು ಪಕ್ಕದಲ್ಲಿ, ಅರ್ಜೆಂಟೀನಾದಲ್ಲಿಯೋ ಬ್ರೆಜಿಲಿನಲ್ಲಿಯೋ ಹುಟ್ಟಿ ಬೆಳೆದ, ಮುತ್ತಜ್ಜ ಇಟಲಿಯವನಾಗಿದ್ದ ಎಷ್ಟೋ ಜನರಿಗೆ ಪೌರತ್ವವೂ ಮತವೂ ಇವೆ. ಪರದೇಶವಾಸಿಗಳಿಗೆಂದೇ ಕೆಳಮನೆಯಲ್ಲಿ 8, ಮೇಲ್ಮನೆಯಲ್ಲಿ 4 ಸ್ಥಾನಗಳು ಮೀಸಲು. ವಂಶದ ಮೂಲಕ ಬರುವ ಪೌರತ್ವಕ್ಕೆ 2025ರಲ್ಲಿ ಎರಡು ತಲೆಮಾರಿನ ಮಿತಿ ಹಾಕಿದರೂ ಮೊದಲೇ ಪಡೆದವರ ಹಕ್ಕು ಹಾಗೆಯೇ ಉಳಿದಿದೆ. ಮುತ್ತಜ್ಜನ ಹೆಸರಿಗೆ ಇರುವ ಬೆಲೆ ಹೊಲದಲ್ಲಿ ಸುರಿದ ಬೆವರಿಗಿಲ್ಲ.

ಆ ಬೆವರು ರಕ್ತವಾದ ದಿನವೂ ಬಂತು. 2024ರ ಜೂನ್ 17ರಂದು, ಅದೇ ಲಾತಿನಾ ಪ್ರಾಂತದಲ್ಲಿ, ಪಂಜಾಬಿನಿಂದ ಹೋಗಿದ್ದ ಸತ್ನಾಮ್ ಸಿಂಗ್ ಎಂಬ ಮೂವತ್ತೊಂದು ವರ್ಷದ ಕೃಷಿ ಕೂಲಿಯ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆಸ್ಪತ್ರೆಗೆ ಒಯ್ಯುವ ಬದಲು ಅವನನ್ನು ಮನೆಯ ಮುಂದೆ ಇಳಿಸಿಹೋದರು. ತುಂಡಾದ ತೋಳನ್ನು ಹಣ್ಣಿನ ಪೆಟ್ಟಿಗೆಯಲ್ಲಿಟ್ಟು ಬಿಟ್ಟಿದ್ದರು. ಎರಡು ದಿನಗಳ ಬಳಿಕ ರೋಮಿನಲ್ಲಿ ತೀರಿಕೊಂಡ. ಖಂಡನೆಗೂ ಸಂತಾಪಕ್ಕೂ ಅಲ್ಲಿ ಕೊರತೆಯಾಗಲಿಲ್ಲ. ಮಧ್ಯವರ್ತಿಗಳ ಶೋಷಣೆಯನ್ನು ದಂಡಿಸುವ 2016ರ ಕಾನೂನು ಆಗಲೇ ಎಂಟು ವರ್ಷ ಹಳೆಯದಾಗಿತ್ತು. ಕಾನೂನು ಇದ್ದರೆ ಸಾಲದು, ಅದನ್ನು ಜಾರಿ ಮಾಡದ ಅಧಿಕಾರಿಯ ಮೇಲಿನವರನ್ನು ಮನೆಗೆ ಕಳುಹಿಸಬಲ್ಲ ಮತ ಬೇಕು.

ಹೀಗಿರುವಾಗ ಕಣಕ್ಕಿಳಿಯುವವನ ಪಾಡು ಏನು? ಸಿರಿಯಾದಿಂದ 2015ರಲ್ಲಿ ಜರ್ಮನಿಗೆ ಓಡಿಬಂದು ನಿರಾಶ್ರಿತರ ಪರ ದುಡಿದ ತಾರೆಕ್ ಅಲೌಸ್ 2021ರಲ್ಲಿ ಅಲ್ಲಿಯ ಸಂಸತ್ತಿಗೆ ಸ್ಪರ್ಧಿಸುವೆನೆಂದು ಘೋಷಿಸಿ, ತನಗೂ ತನ್ನವರಿಗೂ ಬೆದರಿಕೆ ಬಂದುದರಿಂದ ಎರಡು ತಿಂಗಳೊಳಗೆ ಹಿಂದೆ ಸರಿದ. ಸೆನೆಗಲ್ಲಿನಿಂದ ದೋಣಿಯಲ್ಲಿ ಸ್ಪೇನ್ ಸೇರಿ, ಬೀದಿ ವ್ಯಾಪಾರಿಗಳ ಸಂಘದ ವಕ್ತಾರನಾಗಿದ್ದ ಸೆರಿನ್ಯೆ ಎಂಬಾಯೆ ಅದೇ ವರ್ಷ ಮ್ಯಾಡ್ರಿಡ್ ಪ್ರಾಂತೀಯ ಸಭೆಗೆ ನಿಂತಾಗ, ಸ್ಪೇನಿನ ಪ್ರಜೆಯಾಗಿದ್ದ ಅವನನ್ನೇ ಗಡೀಪಾರು ಮಾಡುವ ಮಾತನ್ನು ಎದುರಾಳಿಗಳು ಆಡಿದರು. ಅವನು ಹಿಂದೆ ಸರಿಯಲಿಲ್ಲ, ಗೆದ್ದ. ನಮ್ಮ ದಾದಾಭಾಯಿ ನವರೋಜಿಯವರ ಪಾಡೂ ಹೆಚ್ಚು ಭಿನ್ನವಾಗಿರಲಿಲ್ಲ. ಕರಿಯನನ್ನು ಬ್ರಿಟಿಷ್ ಮತದಾರರು ಆರಿಸಿಯಾರೇ ಎಂದು ಪ್ರಧಾನಿ ಸಾಲಿಸ್ಬರಿ 1888ರಲ್ಲಿ ಹೀಯಾಳಿಸಿದ್ದರು. 1892ರಲ್ಲಿ ಲಂಡನ್ನಿನ ಫಿನ್ಸ್‌ಬರಿ ಸೆಂಟ್ರಲ್‌ನಲ್ಲಿ ನವರೋಜಿ ಗೆದ್ದರು, ಅದೂ 5 ಮತಗಳಿಂದ. 1895ರಲ್ಲಿ ಸೋತರು. ಭಾರತದ ಬಡತನದ ಬಗ್ಗೆ ಆ ಸದನದಲ್ಲಿ ಮಾತಾಡಿದವರನ್ನು ಮರಳಿ ಕಳುಹಿಸಲು ಭಾರತದ ಒಬ್ಬ ರೈತನಿಗೂ ಮತವಿರಲಿಲ್ಲ. ಪರರ ಮತದ ಮೇಲೆ ನಿಂತ ಪೀಠ ಎಂದಿದ್ದರೂ ಎರವಲು.

ಈಗ ನಮ್ಮ ಕಡೆಗೆ ಬರೋಣ. ‘ಗುಳೆ’ ಎಂಬ ಪದಕ್ಕೆ ಕನ್ನಡದಲ್ಲಿ ಅರ್ಥ ಹೇಳಬೇಕಾಗಿಲ್ಲ. ಉತ್ತರದ ಬಯಲುಸೀಮೆಯಲ್ಲಿ ಪಾಠ ಹೇಳಿದ ಯಾವ ಮೇಷ್ಟರನ್ನಾದರೂ ಕೇಳಿ. ದೀಪಾವಳಿ ಕಳೆಯುತ್ತಲೇ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತವೆ. ಅಪ್ಪ-ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಇಲ್ಲವೇ ಕಟ್ಟಡದ ಕೆಲಸಕ್ಕೆ ಪುಣೆ, ಮುಂಬಯಿ, ಗೋವೆ, ಬೆಂಗಳೂರಿಗೆ, ಮಕ್ಕಳೂ ಹಿಂದೆ. ಇವರು ಇಟಲಿಯ ಕೂಲಿಗಳಂತೆ ಮತವಿಲ್ಲದವರಲ್ಲ, ಈ ದೇಶದ ಪ್ರಜೆಗಳು. ಆದರೆ ಮತ ಇರುವಲ್ಲಿ ಅವರಿಲ್ಲ, ಅವರು ಇರುವಲ್ಲಿ ಮತವಿಲ್ಲ. ಚುನಾವಣೆಯ ಹಿಂದಿನ ದಿನ ಯಾರೋ ಕಳುಹಿಸಿದ ಟೆಂಪೊ ಬರುತ್ತದೆ. ಹತ್ತಿಸಿಕೊಂಡು ಊರಿಗೆ ತರುತ್ತದೆ. ಮತ ಹಾಕಿಸಿ ಮರಳಿ ಒಯ್ದು ಇಳಿಸುತ್ತದೆ. ಅದನ್ನು ಮತದಾನವೆನ್ನುವುದಕ್ಕಿಂತ ಸರಕು ಸಾಗಣೆಯೆನ್ನುವುದು ಸರಿ. ಪುಣೆಯ ಶೆಡ್ಡಿನಲ್ಲಿ ನೀರಿಲ್ಲವೆಂದು ಯಾದಗಿರಿಯ ಶಾಸಕನಿಗೆ ಹೇಳಿ ಫಲವೇನು? ಪುಣೆಯ ಕಾರ್ಪೊರೇಟರನಿಗೆ ಹೇಳಿದರೆ ಕೇಳುವ ಅಗತ್ಯ ಅವನಿಗೇನು? ಗೋವೆಯ ಬೈನಾದಲ್ಲಿ 2004ರಲ್ಲಿಯೂ 2015ರಲ್ಲಿಯೂ ಕನ್ನಡಿಗರ ಮನೆಗಳನ್ನು ಕೆಡವಿದಾಗ ನಾವು ಇಲ್ಲಿಂದ ನಿಯೋಗದ ಮಾತಾಡಿದೆವು, ಪತ್ರದ ಮಾತಾಡಿದೆವು. ಮತ್ತೆ ಅದೇ ಅರ್ಜಿ, ಅದೇ ಬಾಗಿಲು.

ನಮ್ಮ ಮನೆಗೆ ಬಂದವರನ್ನು ನಾವು ಹೇಗೆ ಕಂಡೆವೆಂಬುದನ್ನೂ ಮರೆಯಬಾರದು. 2020ರ ಮೇ 5ರಂದು, ಲಾಕ್‌ಡೌನ್ ಕಾಲದಲ್ಲಿ, ಮುಖ್ಯಮಂತ್ರಿಗಳು ಬೆಂಗಳೂರಿನ ಕಟ್ಟಡ ಉದ್ಯಮಿಗಳೊಡನೆ ಸಭೆ ನಡೆಸಿದ ಬಳಿಕ, ಹೊರರಾಜ್ಯದ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ತಿಳಿಸಿತು. ದೇಶದಾದ್ಯಂತ ಟೀಕೆಯೆದ್ದ ಮೇಲೆ ಒಂದೆರಡು ದಿನದಲ್ಲಿಯೇ ನಿರ್ಧಾರ ಬದಲಾಯಿತು. ಆ ಕಾರ್ಮಿಕರ ಹೆಸರು ಬೆಂಗಳೂರಿನ ಮತಪಟ್ಟಿಯಲ್ಲಿದ್ದಿದ್ದರೆ, ಅವರ ಪೈಕಿ ಒಬ್ಬನು ನಗರ ಪಾಲಿಕೆಯ ಸದಸ್ಯನಾಗಿದ್ದಿದ್ದರೆ, ಆ ಸಭೆಗೆ ಉದ್ಯಮಿಗಳನ್ನು ಮಾತ್ರ ಕರೆಯುವ ಧೈರ್ಯ ಯಾರಿಗಾದರೂ ಇರುತ್ತಿತ್ತೇ?

‘ಒಡಿಶಾದವನೊಬ್ಬ ನಮ್ಮ ವಾರ್ಡಿನಲ್ಲಿ ನಿಂತರೆ ಕನ್ನಡದ ಗತಿಯೇನು?’ ಎಂದು ಕೇಳುವವರಿದ್ದಾರೆ. ಕನ್ನಡ ಮೇಷ್ಟರಾಗಿ ಉತ್ತರಿಸುತ್ತೇನೆ. ಮತ ಕೇಳುವವನಿಗಿಂತ ಶ್ರದ್ಧೆಯ ವಿದ್ಯಾರ್ಥಿ ಇನ್ನೊಬ್ಬನಿಲ್ಲ. ಮನೆಮನೆಗೆ ಹೋಗಿ ಕೈಮುಗಿಯಬೇಕಾದವನು ಆರು ತಿಂಗಳಲ್ಲಿ ಕನ್ನಡ ಕಲಿಯುತ್ತಾನೆ. ಹತ್ತು ವರ್ಷ ಶೆಡ್ಡಿನಲ್ಲಿ ಕೂಡಿಟ್ಟವನು ಕಲಿಯುವುದಿಲ್ಲ, ಕಲಿಯಲು ಅವನಿಗೆ ಕಾರಣವೂ ಇಲ್ಲ. ಶಿರಾ ತಾಲ್ಲೂಕಿನಿಂದ ಹೋದ ಚಂದ್ರ ಆರ್ಯ ಅವರು 2022ರಲ್ಲಿ ಕೆನಡಾದ ಸಂಸತ್ತಿನಲ್ಲಿ ಕನ್ನಡ ನುಡಿದಾಗ ಹಿಗ್ಗಿದವರು ನಾವು. ಆ ವೀಡಿಯೊ ನನಗೇ ಹದಿನೇಳು ಕಡೆಯಿಂದ ಬಂತು. ಕೆನಡಾದವರು ಕನ್ನಡಿಗನನ್ನು ಆರಿಸಿದರೆ ಔದಾರ್ಯ, ನಾವು ಒಡಿಯಾದವನನ್ನು ಆರಿಸಿದರೆ ಅನಾಹುತ ಎನ್ನುವುದಕ್ಕೆ ಯಾವ ತರ್ಕಶಾಸ್ತ್ರದಲ್ಲಿ ಆಧಾರವಿದೆಯೋ ಬಲ್ಲವರು ತಿಳಿಸಬೇಕು.

ದೂರದಿಂದಲೇ ತಮ್ಮ ಕ್ಷೇತ್ರಕ್ಕೆ ಮತ ಹಾಕುವ ಯಂತ್ರವೊಂದರ ಮಾದರಿಯನ್ನು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಒಂದು ಯಂತ್ರದಲ್ಲಿ 72 ಕ್ಷೇತ್ರಗಳಿಗೆ ಮತ ಹಾಕಬಹುದೆಂದಿತು. 2023ರ ಜನವರಿ 16ರಂದು ಪಕ್ಷಗಳನ್ನು ಕರೆಯಿತು. ವಿರೋಧ ಪಕ್ಷಗಳು ಒಪ್ಪಲಿಲ್ಲ. 2024ರ ಲೋಕಸಭಾ ಚುನಾವಣೆ ಆ ಯಂತ್ರವಿಲ್ಲದೆಯೇ ನಡೆಯಿತು. ನನಗೆ ಅದರ ಬಗ್ಗೆ ಹೆಚ್ಚಿನ ಉತ್ಸಾಹವಿಲ್ಲ. ಅದು ಟೆಂಪೊ ಖರ್ಚನ್ನು ಉಳಿಸೀತು. ಪುಣೆಯ ನೀರನ್ನು ತಂದುಕೊಡಲಾರದು. ಮತ ಇರಬೇಕಾದ್ದು ಬೆವರು ಬೀಳುವ ನೆಲದಲ್ಲಿ. ಅದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಕಾನೂನೂ ಬೇಡ. ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ ಹೆಸರು ನೋಂದಾಯಿಸುವ ಹಕ್ಕು 1950ರ ಜನತಾ ಪ್ರಾತಿನಿಧ್ಯ ಕಾಯಿದೆಯಲ್ಲಿಯೇ ಇದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯಲ್ಲಿ ಗಾರೆ ಮೇಸ್ತ್ರಿ. ನಮ್ಮ ಕಡೆಯ ಕೂಲಿಗಳಿಗೆ ಬಾಕಿ ಪಗಾರ ಕೊಡಿಸುವುದು, ಆಸ್ಪತ್ರೆಗೆ ಸೇರಿಸುವುದು, ಹೆಣವನ್ನು ಊರಿಗೆ ಕಳುಹಿಸುವುದು ಎಲ್ಲ ಅವನ ಪಾಲಿನವು. ಅಲ್ಲಿಯ ನಗರ ಪಾಲಿಕೆಗೆ ನಿಲ್ಲುವ ಯೋಚನೆ ಮಾಡಿದ್ದಾನೆ. ಎರಡು ಕಡೆ ಹೆಸರು ಇರುವಂತಿಲ್ಲವಾದ್ದರಿಂದ ಊರಿನ ಪಟ್ಟಿಯಿಂದ ಬಿಡಿಸಿಕೊಳ್ಳಬೇಕು. ಅವ್ವ ಒಪ್ಪುತ್ತಿಲ್ಲ; ಊರಿನ ಪಟ್ಟಿಯಲ್ಲಿ ಹೆಸರು ಹೋದರೆ ಊರೇ ಹೋದಂತೆ ಎನ್ನುತ್ತಾಳೆ. ಅವನ ಗೆಳೆಯರು, ಇದ್ದ ಒಳ್ಳೆಯ ಹೆಸರನ್ನು ಏಕೆ ಕೆಡಿಸಿಕೊಳ್ಳುತ್ತೀಯ ಎನ್ನುತ್ತಾರಂತೆ. ಮೊನ್ನೆ ಫೋನಿನಲ್ಲಿ ನನ್ನ ಅಭಿಪ್ರಾಯ ಕೇಳಿದ. ಮೊದಲು ನಮೂನೆ 8 ಭರ್ತಿ ಮಾಡು, ಮಿಕ್ಕವರಿಂದಲೂ ಮಾಡಿಸು, ಅವ್ವನಿಗೆ ನಾನು ಹೇಳುತ್ತೇನೆ ಎಂದಿದ್ದೇನೆ. ಎಷ್ಟು ಜನರ ಬಳಿ ಅಲ್ಲಿಯ ವಿಳಾಸದ ದಾಖಲೆ ಇದೆ ಎಂದು ಕೇಳಿದ್ದಕ್ಕೆ, ಎಣಿಸಿ ಹೇಳುತ್ತೇನೆ ಸರ್ ಎಂದ. ಎಣಿಸುತ್ತಿದ್ದಾನೆ.